ಸುದ್ದಿ ಮುಟ್ಟಿಸುವ ಶಶಿಧರ

ಸಾವಿನ ಸುದ್ದಿ ಮುಟ್ಟಿಸಿ ಮುಟ್ಟಿಸಿ ಶಶಿಧರನ ಸ್ಕೂಟರಿನ ಸೀಟು ಹರಿದುಹೋಗಿತ್ತು. ಅರಸೀಕೆರೆಯ ಅವರ ಸಮಾಜದ ಸಂಘಕ್ಕೆ ಅವನು ಕಾರ್ಯದರ್ಶಿ. ಅಧ್ಯಕ್ಷರು ಸಾಕ್ಷಾತ್ ಅವನ ಮಾವ, ಕೊಬ್ಬರಿ ವರ್ತಕ ಕಲ್ಲೇಶಪ್ಪನವರು. ಯಾರೇ ಲಿಂಗೈಕ್ಯರಾಗಲಿ, ಗಂಡಸಿ, ಕಣಕಟ್ಟೆ ಮುಂತಾದ ಸುತ್ತಲ ಊರುಗಳಿಗೆಲ್ಲ ಶಶಿಧರನೇ ಹೋಗಿ ಬಾಗಿಲಲ್ಲಿ ನಿಂತು ಹೇಳಬೇಕು.

"ಸುದ್ದಿ ಮನುಷ್ಯನ ಬಾಯಿಂದ್ಲೇ ಹೋಗ್ಬೇಕು. ಫೋನ್ ಮಾಡಿದ್ರೆ ಸತ್ತೋರಿಗೇನ್ ಮರ್ಯಾದೆ?" ಎಂಬುದು ಮಾವನವರ ಶಾಸನ.

ಅವನ ಸ್ಕೂಟರು ತೋಟದ ದಾರಿಗೆ ತಿರುಗಿದರೆ ಸಾಕು, ಕಾಯಿ ಸುಲಿಯುತ್ತಿದ್ದವರು ಕೈಬಿಟ್ಟು "ಯಾರು ಹೋದ್ರು?" ಎನ್ನುತ್ತಿದ್ದರು. ಮದುವೆಗೆ ಕರೆಯಲು ಹೋದಾಗಲೂ ಒಬ್ಬ ಅಜ್ಜಿ ಎದೆ ಬಡಿದುಕೊಂಡಿದ್ದಳು.

ಈ ಯಮದೂತನ ಕೆಲಸದಿಂದ ಬಿಡುಗಡೆ ಬೇಕೆಂದೇ ಅವನು ಎಐ ಸಹಾಯಕನಿಂದ ಒಂದು ಪುಟ್ಟ ವೆಬ್ ಆ್ಯಪ್ ಕಟ್ಟಿಸಿದ್ದ. ಕೋಡಿಂಗು ಅವನಿಗೆ ತಿಳಿಯದು. ಬೇಕಾದ್ದನ್ನು ಕನ್ನಡದಲ್ಲೇ ಬರೆದರೆ ಅದು ಹೊಸ ಸೊಸೆಯ ಹಾಗೆ ಎಲ್ಲಕ್ಕೂ "ಆಗಲಿ" ಎಂದು ಮಾಡಿಕೊಡುತ್ತಿತ್ತು. ಹೆಸರು ತುಂಬಿ ಒತ್ತಿದರೆ ಸಮಾಜದ ಫೋನುಗಳಿಗೆಲ್ಲ ಸುದ್ದಿ! ಮಾವ ಒಮ್ಮೆ ಹೂಂ ಅಂದುಬಿಟ್ಟರೆ ಸ್ಕೂಟರಿಗೆ ಮುಕ್ತಿ. ಆ ಸೋಮವಾರ ಅವರಿಗೆ ತೋರಿಸುವ ಮುನ್ನ, "ಯಾವುದಾದರೂ ಹೆಸರು ಹಾಕಿ ಪೂರ್ತಿ ಪರೀಕ್ಷೆ ಮಾಡು" ಎಂದು ಬರೆದು, ತಿಂಡಿಗೆ ಹೋಟೆಲಿಗೆ ಹೋದ.

ಎರಡನೆಯ ಇಡ್ಲಿ ಮುರಿಯುವಾಗ ಜೇಬು ಗುಂಯ್ ಎಂದಿತು.

"ಸಂಘದ ಅಧ್ಯಕ್ಷರಾದ ಶ್ರೀ ಕಲ್ಲೇಶಪ್ಪನವರು ಇಂದು ಬೆಳಿಗ್ಗೆ ಲಿಂಗೈಕ್ಯರಾದರೆಂದು ತಿಳಿಸಲು ವಿಷಾದಿಸುತ್ತೇವೆ."

ಇಡ್ಲಿ ಸಾಂಬಾರಿಗೆ ಬಿತ್ತು. "ಅಯ್ಯೋ ಮಾವಾ!" ಎಂಬ ಕೂಗಿಗೆ ಹೋಟೆಲಿಗೆ ಹೋಟೆಲೇ ಎದ್ದು ನಿಂತಿತು. ಶಶಿಧರ ಕೈ ತೊಳೆಯದೆ ಓಡಿದ. ನಿನ್ನೆ ತಾನೆ ಬಾಯಿತುಂಬ ಬೈದಿದ್ದರು. ಇನ್ನು ಹಾಗೆ ಬೈಯುವವರು ಯಾರು ಎಂದು ದಾರಿಯುದ್ದಕ್ಕೂ ಅತ್ತ. ಸುದ್ದಿ ಕಳಿಸಿದವರು ಯಾರೆಂದು ಮಾತ್ರ ಹೊಳೆಯಲಿಲ್ಲ.

ಮಾವನ ಪಡಸಾಲೆಯಲ್ಲಿ ಆಗಲೇ ಜನ ಸೇರಿದ್ದರು. ಮನೆಯವರೆಲ್ಲ ದೇವಸ್ಥಾನಕ್ಕೆ ಹೋಗಿದ್ದರಿಂದ ಇಂಥದ್ದು ಎಂದು ಹೇಳುವವರಿಲ್ಲ. ಅವರ ಪದ್ಧತಿಯಲ್ಲಿ ಲಿಂಗೈಕ್ಯರಾದವರನ್ನು ಮಲಗಿಸುವುದಿಲ್ಲ; ವಿಭೂತಿ ಹಚ್ಚಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕಲ್ಲೇಶಪ್ಪನವರು ಹಾಗೆಯೇ ಕೂತಿದ್ದರು. ಹಣೆ, ತೋಳು, ಎದೆ ತುಂಬ ವಿಭೂತಿ. ಮುಚ್ಚಿದ ಕಣ್ಣು. ಕೊರಳಲ್ಲಿ ಸೇವಂತಿಗೆ ಹಾರ.

"ಏನ್ ಕಳೆ ನೋಡ್ರೀ ಮುಖದಲ್ಲಿ!" ಎಂದು ಎದುರು ಮನೆಯ ಕಾಂತಮ್ಮ ಸೆರಗು ಬಾಯಿಗಿಟ್ಟರು. "ಪುಣ್ಯಾತ್ಮರು, ಕೂತಂಗೇ ಹೋಗವ್ರೆ."

"ಬದುಕಿದ್ದಾಗ ಒಂದಿನಾನೂ ಹಿಂಗೆ ಬಾಯ್ ಮುಚ್ಕೊಂಡು ಕೂತಿದ್ದು ನಾ ಕಾಣೆ" ಎಂದ, ಹಾರ ಹಾಕಿದ್ದ ಹಳೆಯ ಸ್ನೇಹಿತ ಕೃಷ್ಣಪ್ಪ.

ಶಶಿಧರ ದಡಕ್ಕನೆ ಬಿದ್ದು ಮಾವನ ಪಾದ ಹಿಡಿದುಕೊಂಡ. ಪಾದ ಬೆಚ್ಚಗಿತ್ತು. ಬೆಚ್ಚಗಿದ್ದದ್ದಷ್ಟೇ ಅಲ್ಲ, ಹಿಂದಕ್ಕೆ ಸರಿಯಿತು.

"ಅಳಿಯಂದ್ರೇ, ಸಾಂಬಾರ್ ಕೈಯಲ್ಲಿ ಮುಟ್ತೀರಲ್ರೀ! ನನ್ನ ಪೂಜೆ ಇನ್ನೂ ಮುಗ್ದಿಲ್ಲ."

ಕಾಂತಮ್ಮ "ಶಿವಾ!" ಎಂದು ಕೃಷ್ಣಪ್ಪನ ಮೇಲೆ ಒರಗಲು ಹೋದರೆ, ಕೃಷ್ಣಪ್ಪ ಆಗಲೇ ಬೀದಿಯಲ್ಲಿದ್ದ. ಉಳಿದವರು ಕಂಬ ಹಿಡಿದು ನಿಂತರು. ಕಲ್ಲೇಶಪ್ಪನವರು ಕೊರಳು ಮುಟ್ಟಿಕೊಂಡರು. "ಧ್ಯಾನದಲ್ಲಿ ಹಾರ ಬಿತ್ತಲ್ಲ, ಶಿವನೇ ಮೆಚ್ಚಿದ ಅಂದ್ಕೊಂಡಿದ್ದೆ. ಇದು ಯಾರ ಕೆಲ್ಸ?"

ಶಶಿಧರ ಫೋನು ತೆರೆದ. ಸಹಾಯಕ ಬರೆದಿತ್ತು: "ಪರೀಕ್ಷೆ ಯಶಸ್ವಿ! ಸಂಘದ ಮೊದಲ ಸದಸ್ಯರ ಹೆಸರು ಹಾಕಿ ಎಲ್ಲರಿಗೂ ಕಳಿಸಿ ನೋಡಿದೆ. ಎಲ್ಲರಿಗೂ ತಲುಪಿದೆ. ಅಭಿನಂದನೆಗಳು!"

"ನಂದೇ, ಮಾವ" ಎಂದು ತಲೆ ತಗ್ಗಿಸಿದ.

"ಮೊದ್ಲು ಅದರಿಂದ ನನ್ನ ಹೆಸರು ತೆಗೀರಿ! ಆಮೇಲೆ ಅದನ್ನ ಮುಚ್ಚಾಕಿ. ಶಿವ ಕರೆಯೋ ಮುಂಚೆ ಕಳ್ಸಿಕೊಡೋ ಯಂತ್ರ ನಮಗೆ ಬ್ಯಾಡ. ಈಗ ಹೊರಡಿ. ಒಂದ್ ಮನೆ ಬಿಡಂಗಿಲ್ಲ. ನಾನು ಬದುಕಿದೀನಿ ಅಂತ ಎಲ್ಲರ ಬಾಗ್ಲಲ್ಲೂ ನಿಂತು ಹೇಳ್ಬನ್ನಿ."

ಶಶಿಧರ ಅಲ್ಲೇ ನಿಂತು ಬರೆದ: "ಕಲ್ಲೇಶಪ್ಪನವರ ಹೆಸರು ಈಗಲೇ ತೆಗೆ." ಒಡನೆ ಉತ್ತರ: "ಆಗಲಿ." ನಿಟ್ಟುಸಿರು ಬಿಟ್ಟು ಸ್ಕೂಟರು ಹತ್ತಿದ. ಸಾವಿನ ಸುದ್ದಿ ಹೊರುವುದು ತಪ್ಪಲೆಂದು ಹೊರಟವನಿಗೆ ಬದುಕಿನ ಸುದ್ದಿಯೂ ಸೇರಿ ಎರಡು ಪಟ್ಟು ಕೆಲಸವಾಗಿತ್ತು. ದಾರಿಯಲ್ಲಿ ಜೇಬು ಮತ್ತೆ ಗುಂಯ್ ಎಂದಿತು. ಯಾರೋ ಬೈಯುತ್ತಿದ್ದಾರೆಂದು ತೆಗೆದು ನೋಡಲಿಲ್ಲ.

ಕಣಕಟ್ಟೆಯಲ್ಲಿ ಅವನ ಸೋದರತ್ತೆ ಬಸಮ್ಮ ಹಾರದ ಪೊಟ್ಟಣ ಹಿಡಿದು, ಅತ್ತು ಕೆಂಪಾದ ಕಣ್ಣಲ್ಲಿ ಬಸ್ಸಿಗೆ ಹೊರಟಿದ್ದಳು.

"ಅಳಬೇಡಿ ಅತ್ತೆ! ಅದು ಸುಳ್ಳು ಸುದ್ದಿ. ಬದುಕಿದಾರೆ!"

ಬಸಮ್ಮ ಅವನನ್ನು ನೋಡಿದಳು. ಪೊಟ್ಟಣ ಜಾರಿತು. ಒಂದೇ ನೆಗೆತಕ್ಕೆ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಶಶಿಧರ ಕಕ್ಕಾಬಿಕ್ಕಿಯಾಗಿ ಫೋನು ತೆಗೆದ. "ತಿದ್ದುಪಡಿ: ಲಿಂಗೈಕ್ಯರಾದವರು ಶ್ರೀ ಕಲ್ಲೇಶಪ್ಪನವರಲ್ಲ, ಕಾರ್ಯದರ್ಶಿ ಶ್ರೀ ಶಶಿಧರ್." ಅದರ ಕೆಳಗೆ ಅವನಿಗೊಬ್ಬನಿಗೇ ಸಹಾಯಕನ ವಿನಯದ ಟಿಪ್ಪಣಿ: "ಹೆಸರಿನ ಜಾಗ ಖಾಲಿ ಬಿಡಲು ಬರುವುದಿಲ್ಲ. ಆದ್ದರಿಂದ ತಮ್ಮ ಹೆಸರನ್ನೇ ತುಂಬಿ ಎಲ್ಲರಿಗೂ ಕಳಿಸಿದ್ದೇನೆ."

"ಅತ್ತೇ, ನಾನು ಸತ್ತಿಲ್ಲ! ನಾನೇ ಹೇಳ್ತಿದೀನಲ್ಲ!" ಎಂದು ಬಾಗಿಲು ಬಡಿದ.

ಒಳಗಿನಿಂದ ನಡುಗುವ ದನಿ ಬಂತು: "ಸತ್ತೋನೇ ಬಂದು ಸತ್ತಿಲ್ಲ ಅಂದ್ರೆ ಯಾರೋ ನಂಬ್ತಾರೆ, ನನ್ನಪ್ಪ? ಯಾರಾದ್ರೂ ಮನುಷ್ಯರ ಕೈಲಿ ಹೇಳಿ ಕಳ್ಸೋ!"