ತಂತಿಗೆ ಚುಚ್ಚಿದ ಕಾಗದಗಳು

ವಶೀಲಿ ಹುಡುಕಿಕೊಂಡು ಹೊರಟವನಿಗೆ ಕೆಲಸ ಸಿಗುತ್ತದೋ ಇಲ್ಲವೋ, ನಗೆಪಾಟಲಿಗೀಡಾಗುವ ಯೋಗವಂತೂ ತಪ್ಪುವುದಿಲ್ಲ. ನನಗೆ ಅದು ವಾರಕ್ಕೊಮ್ಮೆ ಒದಗಿ ಬರುತ್ತಿತ್ತು. ಅರವತ್ತರ ದಶಕದ ಕೊನೆಯ ಮಾತು. ಬಿ.ಎ. ಪಾಸಾಗಿ, ಮೂರು ಕತೆ ಅಚ್ಚಾಗಿ, ಇನ್ನು ನಾಡೇ ನನಗಾಗಿ ಕಾಯುತ್ತಿದೆ ಎಂದು ನಾನು ನಂಬಿದ್ದ ಕಾಲ. ಬೆಂಗಳೂರಿನ ಒಂದು ವಾರಪತ್ರಿಕೆಯಲ್ಲಿ ಉಪಸಂಪಾದಕನ ಜಾಗ ಖಾಲಿಯಿದೆ ಎಂದು ಕೇಳಿದ್ದೇ, ಸಾಸಲು ಪಕ್ಕದ ನಮ್ಮ ಹಳ್ಳಿ ಬಿಟ್ಟು ನೆಲಮಂಗಲದ ಸೋದರತ್ತೆಯ ಮನೆ ಸೇರಿದೆ. ಅಲ್ಲಿಂದ ಬೆಂಗಳೂರಿಗೆ ಬಸ್ಸು ಸಲೀಸು.

ಅಪ್ಪ ಗಡುವು ಕೊಟ್ಟೇ ಕಳಿಸಿದ್ದ. "ಯುಗಾದಿವರ್ಗೂ ನೋಡ್ತೀನಿ. ಆಗ್ಲಿಲ್ವೋ, ವಾಪಸ್ ಬಂದು ಸೊಸೈಟೀಲಿ ಸೀಮೆಣ್ಣೆ ಅಳೀತಾ ಕೂತ್ಕೋ." ಸೀಮೆಣ್ಣೆಯ ವಾಸನೆ ಅವತ್ತೇ ಮೂಗಿಗೆ ಹತ್ತಿತು. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

೧. ಬರಿಗೈಲಿ ಹೋಗಬೇಡ

ನೆಲಮಂಗಲದಲ್ಲಿ ಒಬ್ಬ ನಿವೃತ್ತ ಅಮಲ್ದಾರರಿದ್ದರು. ಪತ್ರಿಕೆಯ ಸಂಪಾದಕರೂ ಅವರೂ ಒಟ್ಟಿಗೆ ಓದಿದವರಂತೆ. ಅವರಿಂದ ಒಂದು ಚೀಟಿ ಸಿಕ್ಕರೆ ಕೆಲಸ ಆದ ಹಾಗೆಯೇ ಎಂದಳು ಅತ್ತೆ. ಊರಿಗೆ ಬರೆದೆ. "ದೊಡ್ಡೋರ ಮನೆಗೆ ಬರಿಗೈಲಿ ಹೋಗಬೇಡ" ಎಂದು ಅಪ್ಪನ ಉತ್ತರ ಬಂತು. ಅದರ ಹಿಂದೆಯೇ ಬಸ್ಸಿನ ಮೇಲೆ ಒಂದು ಮೂಟೆ ಅವರೆಕಾಯಿಯೂ ಬಂತು.

ಹೊತ್ತುಕೊಂಡು ಹೋದೆ. ಅಮಲ್ದಾರರ ಜಗಲಿಯಲ್ಲಿ ಆಗಲೇ ಐದು ಮೂಟೆ ಅವರೆಕಾಯಿ ಇತ್ತು. ಅವನ್ನು ತಂದ ಐವರು ಉಮೇದುವಾರರು ಸಾಲಾಗಿ ಕೂತು, ನೆನೆದ ಕಾಳನ್ನು ಹಿದುಕುತ್ತಿದ್ದರು. ಒಬ್ಬನಿಗೆ ಮೇಷ್ಟ್ರ ಕೆಲಸ ಬೇಕು, ಒಬ್ಬನಿಗೆ ಬಸ್ ಕಂಡಕ್ಟರ್ ಕೆಲಸ. ಅಮಲ್ದಾರರ ಹೆಂಡತಿ ನನ್ನ ಮುಂದೆಯೂ ಒಂದು ಬೋಗುಣಿ ಇಟ್ಟು, "ಸಾಹೇಬ್ರು ಪೂಜೇಲಿದ್ದಾರೆ. ಸುಮ್ನೆ ಯಾಕೆ ಕೂತಿರ್ತೀಯಪ್ಪ" ಎಂದರು. ಪೂಜೆ ಮೂರು ಗಂಟೆ ನಡೆಯಿತು. ಕಾಳಿನ ಸಿಪ್ಪೆಗಿಂತ ನನ್ನ ಹೆಬ್ಬೆರಳೇ ಹೆಚ್ಚು ಸುಕ್ಕಾಯಿತು.

ಕೊನೆಗೆ ಸಾಹೇಬರು ಹೊರಬಂದರು. ನಾನು ಎದ್ದು ಕೈಮುಗಿದು, "ಸ್ವಾಮಿ, ನಾನು ಬರಹಗಾರ" ಎಂದೆ.

ಅವರು ನನ್ನ ಬೋಗುಣಿಯೊಳಗೆ ಇಣುಕಿದರು. "ಬೆರಳು ಓಡಿರೋದು ನೋಡಿದ್ರೇ ಗೊತ್ತಾಗುತ್ತೆ. ನಾಳೆನೂ ಬಾ. ಇನ್ನೊಂದು ಮೂಟೆ ನೆನೆಹಾಕಿಸ್ತೀನಿ."

೨. ತಂಗಿ ಓದಿದ್ದು

ಅಪ್ಪ, ಅವ್ವ ಇಬ್ಬರಿಗೂ ಓದು ಬರದು. ನನ್ನ ಕಾಗದಗಳನ್ನು ಓದಿ ಹೇಳುವುದು, ಅಪ್ಪನ ಉತ್ತರ ಬರೆಯುವುದು ಎರಡೂ ಹೈಸ್ಕೂಲಿನಲ್ಲಿದ್ದ ತಂಗಿಯ ಪಾಲಿಗೆ. ಓದಿ ಮುಗಿದ ಕಾಗದವನ್ನು ತೊಲೆಗೆ ನೇತುಹಾಕಿದ್ದ ಕೊಕ್ಕೆ ತಂತಿಗೆ ಚುಚ್ಚಿಡುವುದು ನಮ್ಮ ಮನೆಯ ಪದ್ಧತಿ. ಕಂದಾಯದ ರಸೀತಿಗೆ ಬೇರೆ ತಂತಿ, ಮಗನ ಕಾಗದಕ್ಕೆ ಬೇರೆ ತಂತಿ.

ಅವರೆಕಾಳು ಹಿದುಕಿದ ಸಿಟ್ಟನ್ನೆಲ್ಲ ಒಂದು ಇನ್‌ಲ್ಯಾಂಡ್ ಲೆಟರಿನಲ್ಲಿ ಕಾರಿಕೊಂಡೆ. ಅಮಲ್ದಾರರು ಜಿಪುಣಾಗ್ರೇಸರ, ಅವರದು ಮನೆಯಲ್ಲ, ಬಿಟ್ಟಿ ಚಾಕರಿಯ ಕಾರ್ಖಾನೆ, ಒಂದು ಲೋಟ ನೀರೂ ಕೊಡಲಿಲ್ಲ ಎಂದೆಲ್ಲ ಬರೆದೆ. ಎಂಟು ದಿನಕ್ಕೆ ಉತ್ತರ ಬಂತು. "ಅಮಲ್ದಾರರು ನಿನ್ನನ್ನು ಮನೆಮಗನಂತೆ ಕಂಡು, ಪಕ್ಕದಲ್ಲೇ ಕೂರಿಸಿಕೊಂಡು ಹಿದುಕಿದ ಬೇಳೆ ಸಾರು ಬಡಿಸಿದ್ದು ತಿಳಿದು ನಮಗೆಲ್ಲ ಬಲು ಸಂತೋಷವಾಯಿತು."

ನಾನು ಆ ಸಾರಿನ ಘಮವನ್ನೂ ಕಂಡಿರಲಿಲ್ಲ. ಕಾಗದ ತಿರುವಿ ನೋಡಿದೆ. ಮೂಲೆಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ತಂಗಿ ಬರೆದಿದ್ದಳು: "ಅಣ್ಣ, ಅವ್ವ ಅಳ್ತಾಳೆ ಅಂತ ನೀನು ಬೈದಿದ್ದನ್ನೆಲ್ಲ ಬಿಟ್ಟು ಓದಿದೆ. ಬಿಟ್ಟಮೇಲೆ ಏನೂ ಉಳೀಲಿಲ್ಲ. ಅದಕ್ಕೇ ನಾನೇ ಸೇರಿಸಿದೆ."

೩. ಅದಲು ಬದಲು

ಹತ್ತು ದಿನ ಹಿದುಕಿದ ಮೇಲೆ ಚೀಟಿ ಸಿಕ್ಕಿತು, ಅಂಟಿಸಿದ ಲಕೋಟೆಯಲ್ಲಿ. ಬೆಂಗಳೂರಿಗೆ ಒಯ್ದು ಕೊಟ್ಟೆ. ಸಂಪಾದಕರು ಒಂದು ಚಿಟಿಕೆ ನಶ್ಯ ಏರಿಸಿ ಗಟ್ಟಿಯಾಗಿ ಓದಿದರು: "ಈತ ನಮ್ಮ ಹುಡುಗ. ಎಷ್ಟೇ ನೂಕುನುಗ್ಗಲಿದ್ದರೂ ತಾಳ್ಮೆ ಕೆಡದವನು. ಫುಟ್‌ಬೋರ್ಡಿನ ಮೇಲೆ ನಿಂತು ಎಷ್ಟು ದೂರ ಬೇಕಾದರೂ ಬರುತ್ತಾನೆ." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಮ್ಮ ಆಫೀಸಿನಲ್ಲಿರೋದು ಒಂದೇ ಸೈಕಲ್ಲು. ಅದಕ್ಕೆ ಕಂಡಕ್ಟರ್ ಬೇಕಾಗಿಲ್ಲ" ಎಂದರು.

ಅತ್ತೂ ಕರೆದೂ ವಿಷಯ ತಿಳಿಸಿ, ಕತೆಗಳನ್ನು ಮೇಜಿನ ಮೇಲಿಟ್ಟು ಬಂದೆ. "ನೋಡೋಣ" ಎಂದರು. ಮತ್ತೆ ಹೋದೆ, ನೋಡೋಣ. ಏಳು ಸಲ ಹೋದೆ, ಏಳು ಸಲವೂ ನೋಡೋಣ. ಪ್ರತಿ ಸಲವೂ ಹೊಟ್ಟೆಯುರಿಯನ್ನು ಊರಿಗೆ ಬರೆದೆ. ಹಣೆಯ ಮೇಲೆ ಕನ್ನಡಕ ಇಟ್ಟುಕೊಂಡು ಆಫೀಸೆಲ್ಲ ಹುಡುಕುವ ಮಹಾನುಭಾವ, ಸೀನು ಬಂದರೆ ಕತೆ ಒಪ್ಪಿಗೆ, ಬಾರದಿದ್ದರೆ ಕಸದ ಬುಟ್ಟಿ ಎಂದೆಲ್ಲ. ತಂಗಿ ಅದನ್ನು ಏನೆಂದು ಓದುತ್ತಿದ್ದಳೋ, ಊರಿನಿಂದ ಸಂಪಾದಕರಿಗೆ ನಮಸ್ಕಾರಗಳು ಬರುತ್ತಿದ್ದವು.

ಏಳನೆಯ ಸಲ ವಾಪಸ್ ಬರುವಾಗ ಬಸ್ಸಿನಲ್ಲಿ ಟಿಕೆಟ್ ಕೊಡಲು ಬಂದವನು ಅಮಲ್ದಾರರ ಜಗಲಿಯ ಗೆಳೆಯ. ಮುಖ ಅರಳಿಸಿಕೊಂಡು ಹೇಳಿದ: "ನಿಮ್ ಚೀಟಿ ನನಗೆ ಬಂದ್ಬಿಟ್ಟಿತ್ತು ಗುರುವೇ. 'ಕತೆ ಕಟ್ಟುವುದರಲ್ಲಿ ನಿಸ್ಸೀಮ' ಅಂತಿತ್ತು. ಚೆಕಿಂಗ್‌ನೋರು ಬಂದಾಗ ಇಂಥೋನೇ ಬೇಕು ಅಂತ ಓನರ್ರು ಅವತ್ತೇ ಕೆಲ್ಸ ಕೊಟ್ರು!"

೪. ಅಪ್ಪ ತಂದ ವಶೀಲಿ

ಯುಗಾದಿಗೆ ನಾಲ್ಕೇ ದಿನ. ಎಂಟನೆಯ ಸಲ ಆಫೀಸಿನ ಮೆಟ್ಟಿಲು ಹತ್ತಿದೆ. ಒಳಗೆ ಕಾಲಿಟ್ಟವನು ಅಲ್ಲೇ ನಿಂತೆ. ಸಂಪಾದಕರ ಎದುರಿನ ಕುರ್ಚಿಯ ತುದಿಯಲ್ಲಿ ರುಮಾಲು ಸುತ್ತಿದ ಅಪ್ಪ. ಮೇಜಿನ ಮೇಲೆ ನಮ್ಮ ಮನೆಯ ತೊಲೆಯ ತಂತಿ, ಅದರ ತುಂಬ ನನ್ನ ಕಾಗದಗಳು.

"ನಮ್ ಹುಡುಗನಿಗೆ ಸಂಕೋಚ ಜಾಸ್ತಿ ಸ್ವಾಮಿ" ಎನ್ನುತ್ತಿದ್ದ ಅಪ್ಪ. "ಒಂದೊಂದು ಕಾಗ್ದದಲ್ಲೂ ನಿಮ್ಮನ್ನ ದೇವ್ರು ಅಂತ ಬರ್ದವ್ನೆ. ನಮ್ ಮಗಳು ಓದಿ ಹೇಳ್ತಾಳೆ, ಕೇಳಿದ್ರೆ ಕಣ್ಣಲ್ಲಿ ನೀರು ಬರ್ತದೆ. ನೀವೇ ಓದ್ಬುಟ್ಟು ಹೇಳಿ, ಇಂಥೋನ್ಗೆ ಕೆಲ್ಸ ಕೊಡ್ಬೇಕೋ ಬ್ಯಾಡ್ವೋ."

ಸಂಪಾದಕರು ಆಗಲೇ ಓದುತ್ತಿದ್ದರು. ಒಂದು ಓದಿ ತಂತಿಯಿಂದ ಬಿಡಿಸಿ ಪಕ್ಕಕ್ಕಿಟ್ಟು ಇನ್ನೊಂದಕ್ಕೆ ಕೈಹಾಕುತ್ತಿದ್ದರು. ನಡುವೆ ಒಮ್ಮೆ ಹಣೆ ಮುಟ್ಟಿ ನೋಡಿಕೊಂಡರು. ಅಲ್ಲಿ ಕನ್ನಡಕ ಇರಲಿಲ್ಲ, ಮೂಗಿನ ಮೇಲೇ ಇತ್ತು. ನನ್ನ ಕಣ್ಣ ಮುಂದೆ ಸೀಮೆಣ್ಣೆಯ ಡ್ರಮ್ಮು ಉರುಳಿ ಬಂತು. ಕೊನೆಯ ಕಾಗದಕ್ಕೆ ಅವರ ಭುಜ ಕುಲುಕತೊಡಗಿತು. ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು.

"ಹೌದು ಯಜಮಾನರೇ, ಬಹಳ ಹೊಗಳಿದ್ದಾನೆ" ಎಂದರು.

"ನಾ ಹೇಳ್ಲಿಲ್ವಾ, ನಿಮ್ಗೂ ನೀರು ಬಂತು!" ಎಂದು ಅಪ್ಪ ಹಿಗ್ಗಿಹೋದ. ಹಿಗ್ಗಿನಲ್ಲೇ ಕಾಗದಗಳನ್ನು ಒಂದೊಂದಾಗಿ ಮತ್ತೆ ತಂತಿಗೆ ಚುಚ್ಚತೊಡಗಿದ.

ಸಂಪಾದಕರು ನನ್ನನ್ನು ಬಾಗಿಲ ಹತ್ತಿರ ಕರೆದೊಯ್ದು ತಗ್ಗಿದ ದನಿಯಲ್ಲಿ ಹೇಳಿದರು: "ನಿನ್ನ ಕತೆ ತೆಗೆದುಕೊಂಡರೆ ಎರಡನೇ ಪುಟಕ್ಕೆ ನಿದ್ದೆ ಬರುತ್ತೆ. ಇವನ್ನ ಒಂದೇ ಉಸಿರಿಗೆ ಓದಿದೆ. ಇನ್ಮೇಲೆ ಹೀಗೇ ಬರಿ."

"ಹಾಗಾದ್ರೆ ಉಪಸಂಪಾದಕನ ಕೆಲಸ ಸಾರ್?" ಎಂದೆ.

"ಅದು ನಿನ್ನ ತಂಗಿಗೆ" ಎಂದರು. "ಇಷ್ಟು ಬೈಗುಳ ತಿದ್ದಿ ನನ್ನನ್ನ ದೇವರು ಮಾಡಿದ್ದಾಳೆ. ಅವಳ ಓದು ಮುಗಿಯೋವರೆಗೆ ಆ ಕುರ್ಚೀಲಿ ನೀನು ಕೂತಿರು."