‘ವಿದ್ಯುತ್ ವಿಲಾಸ’ವನ್ನು ಪೂರ್ತಿ ಕೇಳಿದವರು

ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಎಂದು ಕೇಳಬೇಡಿ. ದೊಡ್ಡ ಕಲಾವಿದರಿಗೆ ಆಗುವುದೇ ಹೀಗೆ, ಮತ್ತು ಆ ಕಾಲಕ್ಕೆ ಕಲಬುರಗಿಯಲ್ಲಿ ನನಗಿಂತ ದೊಡ್ಡ ಕಲಾವಿದ ಇರಲಿಲ್ಲ. ಈ ಮಾತನ್ನು ಬೇರೆ ಯಾರೂ ಹೇಳದ ಕಾರಣ ನಾನೇ ಹೇಳುತ್ತಿದ್ದೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನನ್ನದು ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ. ಲಗ್ನದ ಸೀಸನ್ನಿನಲ್ಲಿ ಮೈಕ್ ಸೆಟ್ಟೂ ಬಾಡಿಗೆಗೆ ಒಯ್ಯುತ್ತಿದ್ದೆ. ಎರಡು ವರ್ಷ ಕೂತು ಒಂದು ಕ್ಯಾಸೆಟ್ ಮಾಡಿದೆ. ಅದರಲ್ಲಿ ಹಾಡಿಲ್ಲ, ತಬಲಾ ಇಲ್ಲ, ಹಾರ್ಮೋನಿಯಂ ಪೇಟಿ ಇಲ್ಲ. ಎರಡು ಸ್ಟೇಷನ್ನುಗಳ ನಡುವೆ ರೇಡಿಯೋ ಹಾಕುವ ಸಿಳ್ಳೆ, ಸ್ಟೆಬಿಲೈಜರಿನ ಗುಂಯ್, ಅರ್ಧ ಸ್ವರಗಳು ಸತ್ತುಹೋದ ಒಂದು ಕೀಬೋರ್ಡು, ನಾನೇ ಬೆಸುಗೆ ಹಾಕಿದ ನಾಲ್ಕು ಸರ್ಕ್ಯೂಟು. ತಾಳ ಹಾಕಿದ್ದು ನಮ್ಮ ಓಣಿಯ ವೋಲ್ಟೇಜು. ಅದು ಇಳಿದರೆ ವಿಲಂಬಿತ, ಏರಿದರೆ ದ್ರುತ. ಪರದೇಶದಲ್ಲಿ ಯಾರೋ ನನಗಿಂತ ಮೊದಲೇ ಇಂಥದ್ದು ಮಾಡಿದ್ದಾರಂತೆ. ಮಾಡಿರಲಿ. ಅವರಿಗೆ ನಮ್ಮ ವೋಲ್ಟೇಜು ಎಲ್ಲಿ ಸಿಗಬೇಕು?

ಹೆಸರು ‘ವಿದ್ಯುತ್ ವಿಲಾಸ’. ಈ ಕಡೆ ಮೂವತ್ತು ನಿಮಿಷ, ಆ ಕಡೆ ಮೂವತ್ತು. ನನಗೆ ಹಾರ ಬೇಡ, ಶಾಲು ಬೇಡ. ಒಂದು ಜೀವ ಕೂತು ಎರಡೂ ಕಡೆ ಪೂರ್ತಿ ಕೇಳಬೇಕು, ಅಷ್ಟೇ ಆಸೆ. ಅದೇ ತಪ್ಪಾಯಿತು ನೋಡಿ.

ಮೊದಲ ಪ್ರೋತ್ಸಾಹ

ಮೊದಲ ದಿನ ಅಂಗಡಿಯಲ್ಲೇ ದೊಡ್ಡ ಸ್ಪೀಕರಿಗೆ ಹಚ್ಚಿದೆ. ಗಿರಾಕಿಯೊಬ್ಬರು ಬಗಲಲ್ಲಿ ರೇಡಿಯೋ ಹಿಡಿದು ಬಂದವರು ಮೆಟ್ಟಿಲ ಮೇಲೇ ನಿಂತುಬಿಟ್ಟರು. ಒಂದು ನಿಮಿಷ ಕೇಳಿದರು, ಎರಡು ನಿಮಿಷ ಕೇಳಿದರು. ನನ್ನ ಎದೆ ಅಂಗಿಯ ಗುಂಡಿ ಹರಿಯುವಷ್ಟು ಉಬ್ಬಿತು.

“ಕಾಕಾ, ಇದು ಯಾರ್ದು?”

“ನಂದೇ ರೀ,” ಎಂದೆ, ತಲೆ ತಗ್ಗಿಸಿ.

“ಖರೇ? ನಿಮ್ಮ ರೇಡಿಯೋನ ನಿಮಗ ರಿಪೇರಿ ಆಗವಲ್ದು. ನಂದೇನ್ ಮಾಡ್ತೀರಿ?” ಎಂದವರೇ ಎದುರಿನ ರಿಪೇರಿ ಅಂಗಡಿಗೆ ನಡೆದರು.

ಅವರ ಹಿಂದೆ ಇನ್ನೂ ಮೂರು ಮಂದಿ ಹಾಗೇ ಹೋದರು. ಸಂಜೆ ಎದುರಿನ ಅಂಗಡಿಯವ ತಾನೇ ಕಪ್ಪು ಹಿಡಿದು ಬಂದ. “ಚಹಾ ತಗೋರಿ ಕಾಕಾ. ಹಚ್ಚೇ ಇಡ್ರಿ, ಬಂದ್ ಮಾಡಬ್ಯಾಡ್ರಿ.” ನನ್ನ ಸಂಗೀತಕ್ಕೆ ಸಿಕ್ಕ ಮೊದಲ ಪ್ರೋತ್ಸಾಹ ಅದು. ಚಹಾದಲ್ಲಿ ಸಕ್ಕರೆಯೂ ಹೆಚ್ಚೇ ಇತ್ತು.

ಮಾಸ್ತರರ ‘ವಾಹ್’

ಅಂಗಡಿಗೆ ಬರುವವರಿಗೆ ಕಿವಿ ಇಲ್ಲ, ತಿಳಿದವರಿಗೇ ಕೇಳಿಸೋಣ ಎಂದು ಐವಾನ್-ಎ-ಶಾಹಿ ಕಡೆ ಇದ್ದ ಒಬ್ಬ ನಿವೃತ್ತ ಸಂಗೀತ ಮಾಸ್ತರರ ಮನೆಗೆ ಹೋದೆ. ಅವರದು ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಟೇಪು ಹಚ್ಚಿ ಮೂರು ನಿಮಿಷ ಆಗಿರಲಿಲ್ಲ, “ಪುಢೆ” ಎಂದರು. ಮುಂದೆ ಓಡಿಸು ಎಂದು. ಓಡಿಸಿದೆ. “ಪುಢೆ, ಪುಢೆ.” ಹೀಗೆ ಪುಢೆ ಪುಢೆ ಎನ್ನುತ್ತ ಮೊದಲ ಕಡೆ ಐದೇ ನಿಮಿಷದಲ್ಲಿ ಮುಗಿಯಿತು. ಎರಡನೇ ಕಡೆಯ ನಡುವಿಗೆ ಬಂದಾಗ ಮಾಸ್ತರರು ಕಣ್ಣು ಮುಚ್ಚಿ ಕೈ ಎತ್ತಿದರು.

“ವಾಹ್! ಏನ್ ಶಾಂತಿ ಅದರೀ ಇದರಾಗ! ಇದಕ್ಕ ಅಂತಾರ ಸಂಗೀತ.”

ಆ ಜಾಗ ಯಾವುದು ಎಂದು ನನಗೆ ಮಾತ್ರ ಗೊತ್ತಿತ್ತು. ರೆಕಾರ್ಡ್ ಮಾಡುವಾಗ ಕರೆಂಟು ಹೋಗಿತ್ತು. ವಾದ್ಯಗಳೆಲ್ಲ ಸತ್ತಿದ್ದವು, ರೆಕಾರ್ಡರ್ ಮಾತ್ರ ಸೆಲ್ಲಿನ ಮೇಲೆ ಓಡುತ್ತಿತ್ತು. ನಾಲ್ಕು ನಿಮಿಷ ಬರೀ ಮೌನ. ಟೇಪಿನಲ್ಲಿ ಕರೆಂಟು ತಿರುಗಿ ಬಂದು ಸಿಳ್ಳೆ ಹೊಡೆದ ಕೂಡಲೇ ಮಾಸ್ತರರು ಬೆಚ್ಚಿ ಎದ್ದರು.

“ಕೆಡಿಸಿದ್ರಲ್ರೀ! ಅಲ್ಲೀತನಕ ಎಷ್ಟು ಛಂದ ಇತ್ತು!”

ಮನೆಯಲ್ಲೇ ಒಂದು ಪ್ರತಿ

ಪ್ರತಿಗಳನ್ನು ಮಾಡಿ ಒಬ್ಬ ಪರಿಚಯದ ಕ್ಯಾಸೆಟ್ ಅಂಗಡಿಯವನಿಗೆ ಮಾರಲು ಕೊಟ್ಟೆ. ತಿಂಗಳು ಬಿಟ್ಟು ಹೋದರೆ ಕಪಾಟಿನಲ್ಲಿ ಒಂದೂ ಇಲ್ಲ.

“ಎಲ್ಲಾ ಹೋದ್ವು ಕಾಕಾ, ಒಂದೂ ವಾಪಸ್ ಬಂದಿಲ್ಲ. ಮಾಲ್ ಛಲೋ ಅದ.”

ಅವತ್ತು ನಾನು ಕುಸನೂರ ರಸ್ತೆಯ ನಮ್ಮ ಮನೆತನಕ ನಡೆದೇ ಹೋದೆ. ಬಸ್ಸು ಹತ್ತಿದರೆ ತಲೆ ಟಾಪಿಗೆ ಬಡಿಯುವಷ್ಟು ಎತ್ತರವಾಗಿದ್ದೆ. ಮನೆಯಲ್ಲಿ ನಮ್ಮಾಕಿ ತನ್ನ ಭಜನಾ ಮಂಡಳಿಯ ಹೊಸ ಕ್ಯಾಸೆಟ್ ಹಚ್ಚಿಕೊಂಡು ಅಕ್ಕಿ ಆರಿಸುತ್ತಿದ್ದಳು. ಭಜನೆ ಮುಗಿಯಿತು. ಮುಗಿದ ಮೇಲೆ ಟೇಪಿನ ಬಾಲದಲ್ಲಿ ನನಗೆ ಬಹಳ ಪರಿಚಯದ ಒಂದು ಸಿಳ್ಳೆ ಕೇಳಿತು.

“ಈ ಕ್ಯಾಸೆಟ್ ಎಲ್ಲಿ ತಂದೀ?”

“ಮಂಡಳಿಯವರು ತಂದಾರ. ಅಂಗಡಿಯಂವ ಖಾಲಿ ಕ್ಯಾಸೆಟ್ ಅಂತ ಕೊಟ್ಟಾನ. ಪುಣ್ಯಾತ್ಮ ಯಾರೋ ಒಳಗ ಏನೋ ಗಲೀಜು ತುಂಬಿಟ್ಟಾನ. ನಾವು ಭಜನಿ ತುಂಬಿ ಶುದ್ಧ ಮಾಡೀವಿ.”

ಪುಣ್ಯಾತ್ಮ ಕೈಕಾಲು ತೊಳೆದು ಊಟಕ್ಕೆ ಕೂತ.

ಎದ್ದು ನಿಂತ ಸಭೆ

ಉಳಿದದ್ದು ನನ್ನ ಕೈಯಲ್ಲಿದ್ದ ಮೂಲ ಪ್ರತಿ ಒಂದೇ. ಆ ಬೇಸಿಗೆ ಕಮಲಾಪುರದಲ್ಲಿ ಒಬ್ಬ ಕೆಂಪು ಬಾಳೆಯ ರೈತರ ಮಗಳ ಲಗ್ನಕ್ಕೆ ಮೈಕ್ ಸೆಟ್ ಒಯ್ದಿದ್ದೆ. ಅಕ್ಕಿಕಾಳು ಬೀಳುವತನಕ ಯಾವ ಹಾಡು ಹಚ್ಚಬೇಕು ಎಂದು ಮನೆಯವರು ಹೇಳುತ್ತಾರೆ. ಊಟದ ಪಂಕ್ತಿ ಕೂತ ಮೇಲೆ ಮೈಕಿನವನೇ ರಾಜ. ಇನ್ನೂರು ಮಂದಿ ಎಲೆ ಮುಂದೆ ಕೂತಿದ್ದಾರೆ, ಎದ್ದು ಹೋಗುವಂತಿಲ್ಲ. ಇದಕ್ಕಿಂತ ಒಳ್ಳೆಯ ಸಭೆ ಎಲ್ಲಿ? ಬೇವಿನ ಮರಕ್ಕೆ ಕಟ್ಟಿದ ಹಾರ್ನಿಗೆ ‘ವಿದ್ಯುತ್ ವಿಲಾಸ’ ಹಚ್ಚಿದೆ.

“ಶಾರ್ಟ್ ಆಗ್ಯಾದೋ! ತಂತಿ ಮುಟ್ಟಬ್ಯಾಡ್ರೋ!” ಎಂದು ಪಂಕ್ತಿಯಲ್ಲಿ ಯಾರೋ ಕೂಗಿದರು.

ಇನ್ನೂರು ಮಂದಿ ಎದ್ದರು. ದೊಡ್ಡ ಕಲಾವಿದರಿಗೆ ಕಛೇರಿ ಮುಗಿದ ಮೇಲೆ ಸಭೆ ಎದ್ದು ನಿಲ್ಲುತ್ತದೆ. ನನಗೆ ಸುರುವಿನಲ್ಲೇ ನಿಂತಿತು. ಒಬ್ಬ ಒಣ ಕಟ್ಟಿಗೆಯಿಂದ ಮೇನ್ ಸ್ವಿಚ್ ಬಡಿದು ಕೆಳಗೆ ಹಾಕಿದ. ಇನ್ನೊಬ್ಬ ನನ್ನ ಆಂಪ್ಲಿಫೈಯರಿನ ಮೇಲೆ ಸಾರಿನ ಬಕೇಟು ಸುರುವಿದ. ಅವಸರದಲ್ಲಿ ಅವನಿಗೆ ನೀರು ಸಿಕ್ಕಿರಲಿಲ್ಲ.

ಮಗಳ ಲಗ್ನ ಕೆಟ್ಟಿತೆಂದು ರೈತರು ಬಡಿಯುತ್ತಾರೆ ಎಂದುಕೊಂಡೆ. ಅವರು ನನ್ನನ್ನು ನೋಡಲೇ ಇಲ್ಲ. ತಲೆ ಎತ್ತಿ ಬೇವಿನ ಮರ ನೋಡುತ್ತಿದ್ದರು. ಮುಂಜಾನೆಯಿಂದ ಎಂಜಲೆಲೆಗೆ ಕಾಯುತ್ತ ಅಲ್ಲಿ ಮಂಗಗಳ ಹಿಂಡೇ ಕೂತಿತ್ತು.

“ಕಾಕಾ, ಒಂದೂ ಮಂಗ್ಯಾ ಇಲ್ಲಲ್ಲಾ! ಆ ಕ್ಯಾಸೆಟ್ ನನಗ ಕೊಡ್ರಿ. ನನ್ನ ಬಾಳಿ ಉಳೀತಾವ.”

ಇದ್ದ ಒಂದೇ ಪ್ರತಿ. ಆದರೆ ಇಷ್ಟು ದಿನದಲ್ಲಿ ಕೈಚಾಚಿ ಕೇಳಿದವರು ಅವರೊಬ್ಬರೇ. ಕೊಟ್ಟೆ.

ತೋಟದ ಕಛೇರಿ

ಮೂರು ವಾರದ ಮೇಲೆ ರೈತರು ಸಿಟ್ಟಿನಲ್ಲೇ ಬಸ್ಸಿಳಿದು ಬಂದು ಕ್ಯಾಸೆಟ್ ನನ್ನ ಮೇಜಿಗೆ ಒಗೆದರು.

“ತಗೋರಿ ನಿಮ್ಮದು. ಮೊದಲ ವಾರ ಓಡಿದ್ವು. ಎರಡನೇ ವಾರ ಬೇಲಿ ಮ್ಯಾಲ ಬಂದು ಕುಂತು ಕೇಳಿದ್ವು. ಈಗ ಟೇಪ್ ಹಚ್ಚೂದ್ರಾಗ ಎಲ್ಲಾ ಬಂದು ಸಾಲಾಗಿ ಕೂಡ್ತಾವ.”

ನನ್ನ ಕೈಯಲ್ಲಿದ್ದ ಬೆಸುಗೆ ಕಡ್ಡಿ ಹಾಗೇ ನಿಂತಿತು. “ಎಷ್ಟೊತ್ತು ಕೂಡ್ತಾವ?”

“ಮುಗಿಯೂತನಾ. ಮುಗೀತಂದ್ರ ಬಾಳಿಗೊನಿಗೆ ಕೈ ಹಾಕ್ತಾವ. ಮಗ್ಗಲಾ ಬದಲಿ ಮಾಡಿ ಹಚ್ಚಿದ್ರ ಮತ್ತ ಬಂದು ಕೂಡ್ತಾವ.”

“ಎರಡೂ ಕಡೆ? ಪೂರ್ತಿ?”

“ಎರಡೂ ಕಡೆ ರೀ!”

“ನಡುವ ನಾಲ್ಕು ನಿಮಿಷ ಏನೂ ಕೇಳಿಸೂದಿಲ್ಲಲ್ಲ, ಆವಾಗ?”

“ಆವಾಗ ಒಂದರ ಮಾರಿ ಒಂದು ನೋಡ್ಕೋತ ಕೂಡ್ತಾವ. ನಾ ಏನು ಹೊಲ ಬಿಟ್ಟು ದಿನಾ ಮಗ್ಗಲಾ ಬದಲಿ ಮಾಡ್ಕೋತ ಕೂಡ್ಲೇನು? ಅವಕ್ಕ ಸೇರಲಾರದಂಥಾದ್ದು ಬ್ಯಾರೆ ಒಂದು ಮಾಡಿ ಕೊಡ್ರಿ.”

ಕ್ಯಾಸೆಟ್ ಎತ್ತಿ ಅಂಗಿಯಿಂದ ಒರೆಸಿದೆ. ಕಡೆಗೂ ಕೇಳಿದ್ದರು. ಪುಢೆ ಎನ್ನದೆ, ಮೇನ್ ಬಡಿಯದೆ, ಅರವತ್ತು ನಿಮಿಷ. ಆದರೆ ಮನುಷ್ಯನ ಆಸೆ ಅಷ್ಟಕ್ಕೇ ನಿಲ್ಲುತ್ತದೆಯೇ? ಮೂರು ವಾರ ದಿನಾ ಕೈಯಾರೆ ಹಚ್ಚಿದ ಮನುಷ್ಯ ಎದುರಿಗೇ ನಿಂತಿದ್ದಾರೆ. ಮೆಲ್ಲಗೆ ಕೇಳಿದೆ:

“ಮಾಲಕರ, ನಿಮಗ ಹೆಂಗ ಅನಿಸ್ತು?”

ಅವರು ಮೆಟ್ಟಿಲಿಳಿಯುತ್ತಿದ್ದವರು ತಿರುಗಿ ನಿಂತರು.

“ನಾ ಕಿವ್ಯಾಗ ಹತ್ತಿ ಇಟ್ಕೊಂಡಿದ್ದೆ. ನಾ ಯಾಕ ಕೇಳ್ಲಿ ರೀ? ನಾ ಏನು ಮಂಗ್ಯಾ?”