ಗಾಳಿ ಮೀಟರಿನ ಮೊಂಡುತನ

ಎಂಜಿನ್ನಿನ ವಿಷಯದಲ್ಲಿ ನನ್ನ ಮುಂದೆ ಬಾಯಿ ತೆರೆಯುವ ಗಂಡಸು ಇಡೀ ಗೋರ್ವಾದಲ್ಲಿ ಇನ್ನೂ ಹುಟ್ಟಿಲ್ಲ! ಹಾಗೆಂದು ಸಾರಿಕೊಂಡೇ ಮೂವತ್ತು ವರ್ಷ ಕಳೆದವನು ನಾನು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಗದಗಿನಿಂದ ವಡೋದರಾದ ಈ ಗೋರ್ವಾ ಬಡಾವಣೆಗೆ ಬಂದು, ಬಿಚ್ಚಿ ಬಿಚ್ಚಿಯೇ ಡೀಸೆಲ್ ವಿದ್ಯೆ ಕಲಿತೆ. ಅರವತ್ತೊಂದನೇ ವಯಸ್ಸಿಗೆ ನನ್ನ ಹಳೇ ಲಾರಿಗೆ ಟರ್ಬೊ ಕೂಡಿಸುವ ಹಟ ಹಿಡಿಯಿತು. ಹೊಗೆಯ ರಭಸಕ್ಕೆ ಗಿರಗಿರ ತಿರುಗಿ ಎಂಜಿನ್ನಿಗೆ ಗಾಳಿ ತುರುಕುವ ಸಾಮಾನು ಅದು. ಅಹಮದಾಬಾದಿನ ವಟ್ವಾದ ಗುಜರಿ ಶೇಠನಿಂದ ತಂದು ನಾನೇ ಕೂಡಿಸಿದೆ. ಗಾಳಿಯ ಒತ್ತಡ ತೋರಿಸುವ ಮೀಟರನ್ನೂ ಸ್ಟಿಯರಿಂಗ್ ಎದುರಿಗೆ ಜಡಿದೆ. ಮುಳ್ಳು ಹತ್ತಕ್ಕೆ ಏರಿದಾಗ ನನ್ನ ಮೀಸೆಯೂ ಜೊತೆಗೇ ಏರಿತು!

ಅಷ್ಟರಲ್ಲಿ ಆಯುಧ ಪೂಜೆ ಬಂತು. ಪಾನಾ, ಜ್ಯಾಕು, ಸುತ್ತಿಗೆಗಳ ಸಾಲಿನಲ್ಲಿ ಹೊಸ ಮೀಟರಿಗೂ ಗೌರವ ಬೇಡವೇ? ಬಿಚ್ಚಿ ತಂದು ಮಣೆಯ ಮೇಲೆ ಕೂಡಿಸಿ, ಹಿಂದೆ ಮುಂದೆ ಧಾರಾಳವಾಗಿ ಗಂಧ ಬಳಿದೆ.

"ಅದೇನು ಗ್ವಾಡಿಗೆ ಸುಣ್ಣ ಬಳದಂಗ ಬಳೀತೀರಿ?" ಎಂದಳು ನನ್ನ ಹೆಂಡತಿ ಸಾವಿತ್ರಿ.

"ದೇವರ ಕೆಲಸದಾಗ ಜುಗ್ಗತನ ಬ್ಯಾಡ. ನೀ ಆರತಿ ತಾ!"

ಪೂಜೆ ಮುಗಿದ ಮೇಲೆ ಮೀಟರನ್ನು ಮತ್ತೆ ಲಾರಿಗೆ ಜಡಿದೆ. ಮರುದಿನ ವಿಜಯದಶಮಿ. ಸಂಜೆ ನಾಲ್ಕಕ್ಕೆ ಅಹಮದಾಬಾದಿನಲ್ಲಿ ನಮ್ಮ ಕನ್ನಡದ ಮಂದಿಯ ಬನ್ನಿ ಕೂಟ. ಅಲ್ಲಿ ಸಾವಿತ್ರಿಯ ಪಡೆಯ ಕೋಲಾಟ. ಹನ್ನೆರಡು ಹೆಂಗಸರು, ಮೂರು ತಿಂಗಳ ತಾಲೀಮು. ಅವರು ಗೊತ್ತು ಮಾಡಿದ್ದ ಬಸ್ಸನ್ನು ಬೇಡವೆಂದವನು ನಾನೇ. "ನನ್ನ ಟರ್ಬೊ ಇರೂವಾಗ ಬಸ್ಸು ಯಾಕ?"

ಬೆಳಿಗ್ಗೆ ಏಳಕ್ಕೆ ಹೊರಟೆವು. ರೈಲ್ವೆ ಸೇತುವೆಯ ಏರು ಬಂತು. ಮುಳ್ಳು ಸೊನ್ನೆ! ಆಚೆ ಚಹಾದ ಅಂಗಡಿಯ ಮುಂದೆ ಎಂಜಿನ್ ಬಂದ್ ಮಾಡಿ ನಿಂತೆವು. ಆಗ ಈ ದರಿದ್ರ ಮುಳ್ಳು ಮೆಲ್ಲಗೆ ಮೈ ಮುರಿದು ಎಂಟಕ್ಕೆ ಏರಿತು! ಏರು ಹತ್ತುವಾಗ ನಿದ್ದೆ, ಚಹಾ ಕಂಡರೆ ಎಚ್ಚರ. ಥೇಟ್ ನಮ್ಮ ಡ್ರೈವರ್ ಕಿಶೋರನ ಜಾತಕ!

"ಕಾಕಾ, ಗಾಡಿ ಬರಾಬರ್ ಖೇಂಚೇ ಛೇ," ಎಂದ ಕಿಶೋರ್. ಗಾಡಿ ಸರಿಯಾಗಿಯೇ ಎಳೆಯುತ್ತಿದೆಯಂತೆ!

"ಮೀಟರ್ ಸುಳ್ಳು ಹೇಳತೈತೇನು? ನಡುದಾರ್‍ಯಾಗ ಎಂಜಿನ್ ಸಿಡದ್ರ ನಿಮ್ಮಪ್ಪ ಬರ್ತಾನೇನು? ಹೊಳ್ಳಸು ಗಾಡಿ!"

ಶೆಡ್ಡಿಗೆ ಮರಳಿ ಪೈಪುಗಳನ್ನೆಲ್ಲ ಬಿಚ್ಚಿ ನೋಡಿ ಮತ್ತೆ ಬಿಗಿದೆ. ಗಾಳಿ ಸೋರುತ್ತಿದೆಯೇ ನೋಡಲು ಸಾವಿತ್ರಿಯ ಇಡೀ ಪುಡಿ ಸಾಬೂನು ಕಲಸಿ ಹಚ್ಚಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಟರ್ಬೊವನ್ನೇ ಕಳಚಿ ಇಳಿಸಿದೆ. ಅದರ ಚಕ್ರ ಬೆರಳು ತಾಕಿದರೆ ಬುಗುರಿಯಂತೆ ತಿರುಗಿತು. ಸಿಟ್ಟು ನೆತ್ತಿಗೇರಿತು. ಎಸ್‌ಟಿಡಿ ಬೂತಿಗೆ ಓಡಿ ವಟ್ವಾದ ಶೇಠನನ್ನು ಹಿಡಿದೆ.

"ಸತ್ತ ಟರ್ಬೊ ನನ್ನ ಕೊಳ್ಳಿಗೆ ಕಟ್ಟಿದಿ ಏನಲೇ!" ಎಂದು ಅಚ್ಚ ಗದಗಿನ ಕನ್ನಡದಲ್ಲಿಯೇ ಗುಡುಗಿದೆ.

ಅವನಿಗೆ ಏನು ತಿಳಿಯಿತೋ! "ಕಾಕಾ, ಆಜೇ ದಶೇರಾ ಛೇ. ಫಾಫಡಾ ಜಲೇಬಿ ಖಾವೋ!" ಎಂದು ಹಬ್ಬದ ತಿಂಡಿ ತಿನ್ನಲು ಉಪದೇಶಿಸಿ ಫೋನಿಟ್ಟ. ನನ್ನ ಎಂಜಿನ್ ಸಾಯುತ್ತಿದೆ, ಇವನಿಗೆ ಜಲೇಬಿ!

ಹಿಂತಿರುಗಿದಾಗ ಹನ್ನೊಂದು ಗಂಟೆ. ಹನ್ನೆರಡೂ ಹೆಂಗಸರು ಜರಿ ಸೀರೆಯಲ್ಲಿ ಬೇವಿನ ಗಿಡದ ನೆರಳಿಗೆ ಕುಳಿತು ನನ್ನನ್ನೇ ನೋಡುತ್ತಿದ್ದರು. ಪ್ರತಿಯೊಬ್ಬಳ ಕೈಯಲ್ಲೂ ಎರಡೆರಡು ಕೋಲು!

ಸಾವಿತ್ರಿ ಎದ್ದು ಬಂದಳು. "ಅಲ್ರೀ, ಎಲ್ಲಾ ಬಿಚ್ಚಿದ್ರಿ. ಆ ಮೀಟರಿನ ತೂತು ನೋಡಿದ್ರೇನು?"

"ಏ, ಅದು ಯಂತ್ರ ಐತಿ, ನಿನ್ನ ಅಡಿಗಿಮನಿ ಕುಕ್ಕರ್ ಅಲ್ಲ!"

"ಕುಕ್ಕರ್ ಸೀಟಿ ಹೊಡೀಲಿಲ್ಲಂದ್ರ ನಾವು ಒಲಿ ಬಿಚ್ಚಾಂಗಿಲ್ರೀ. ಮೊದಲ ತೂತು ನೋಡ್ತೀವಿ."

ಹೀಗೆಂದವಳೇ ಮೀಟರ್ ಕಳಚಿಸಿಕೊಂಡು, ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಅದರ ಬೆನ್ನಿನ ತೂತಿಗೆ ಚುಚ್ಚಿದಳು. ಒಣಗಿದ ಬಿಳಿ ಬೆಣೆಯೊಂದು ಟಪಕ್ಕನೆ ಉದುರಿತು. ಶೆಡ್ಡಿನ ತುಂಬ ಡೀಸೆಲ್ ವಾಸನೆಯನ್ನೂ ಮೀರಿ ಶ್ರೀಗಂಧದ ಪರಿಮಳ! ನಾನೇ ತೇಯ್ದು, ನಾನೇ ಬಳಿದ ಗಂಧ! ಅದರ ಸಂದಿಯಲ್ಲಿ ಗಾಳಿ ತೆವಳಿ ಹೋಗಿ ತೆವಳಿ ಬರುವಷ್ಟರಲ್ಲಿ ಲಾರಿ ಸೇತುವೆ ದಾಟಿರುತ್ತಿತ್ತು.

ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ನಾನು ಬಾಯಿ ಮುಚ್ಚಿಕೊಂಡು ಬೋಲ್ಟು ತಿರುಗಿಸಿದೆ. ಎಲ್ಲ ಕೂಡಿಸಿ ಹೊರಟಾಗ ಎರಡು ಗಂಟೆ. ಸೇತುವೆಯ ಏರಿನಲ್ಲಿ ಮುಳ್ಳು ಠಣ್ಣನೆ ಹತ್ತಕ್ಕೆ ನಿಂತಿತು. ನನ್ನ ಮೀಸೆ ಮಾತ್ರ ಏಳಲಿಲ್ಲ. ಅಹಮದಾಬಾದು ಮುಟ್ಟಿದಾಗ ಐದೂವರೆ. ಸಭೆ ಮುಗಿದು ಮಂದಿ ಊಟಕ್ಕೆ ಏಳುತ್ತಿದ್ದರು. ಸಾವಿತ್ರಿ ಸೀದಾ ಮೈಕು ಹಿಡಿದಳು: "ಕ್ಷಮಿಸ್ರಿ, ನಮ್ಮ ಯಜಮಾನರ ಭಕ್ತಿ ಹೆಚ್ಚಾಗಿ ತಡ ಆತು!" ಎದ್ದವರೆಲ್ಲ ಬಿದ್ದು ಬಿದ್ದು ನಕ್ಕು ಮತ್ತೆ ಕುಳಿತರು. ಕೋಲಾಟ ನಡೆಯಿತು. ಒಂದೊಂದು ಕೋಲಿನ ಪೆಟ್ಟೂ ನನ್ನ ಬುರುಡೆಗೇ ಬಿದ್ದಂತೆ ಕೇಳಿಸಿತು.

ಈ ವರ್ಷವೂ ಆಯುಧ ಪೂಜೆ ಬಂತು. ಗಂಧದ ಬಟ್ಟಲಿಗೆ ಕೈ ಚಾಚಿದೆ. ಸಾವಿತ್ರಿ ಬಟ್ಟಲನ್ನು ಆಚೆ ಸರಿಸಿ ನನ್ನ ಕೈಗೆ ಗಂಟೆ ಕೊಟ್ಟಳು.

"ತೂತು ಇರೂ ಸಾಮಾನಿಗೆಲ್ಲಾ ನಾ ಹಚ್ತೀನಿ. ನೀವು ಇದನ್ನ ಬಾರಸ್ರಿ. ಇದು ಕೆಟ್ರ ಕಿವಿಗೆ ಗೊತ್ತಾಗತೈತಿ!"